ಬಾಣಂತಿಯ ಮನಸ್ಸಿಗೂ ಒಂದು ಸಾಲು ಹಣ: ಕಾಸರಗೋಡಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಅಂಗನವಾಡಿಯ ಜಗಲಿಯಲ್ಲಿ, ಕುಟುಂಬಶ್ರೀ ಅಯಲ್ಕೂಟದ (ಕೇರಳ ಸರ್ಕಾರದ ಯೋಜನೆಯಡಿ ನಡೆಯುವ ನೆರೆಹೊರೆಯ ಹೆಂಗಸರ ಗುಂಪು) ಸಭೆಯಲ್ಲಿ, ಬದಿಯಡ್ಕದ ಬಸ್ಸಿಗೆ ಕಾಯುವಾಗ, ಮನೆಗೆ ಬಂದ ಪತ್ರಗಳಲ್ಲಿ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳಿವು. ಬಾಣಂತಿಯರ ಮನಸ್ಸಿನ ಆರೋಗ್ಯಕ್ಕೆಂದು ಪಂಚಾಯತಿಯ ಯೋಜನೆಯಲ್ಲಿ ಒಂದು ಸಾಲು ಹಣ ಕೇಳೋಣ ಎಂದು ನಾನು ಹೇಳಿದಾಗಲೆಲ್ಲ ಬಂದವು. ಕೇಳಿದವರ ಮಾತನ್ನು ಆದಷ್ಟು ಹಾಗೇ ಇಟ್ಟಿದ್ದೇನೆ. ಯಾವ ಪ್ರಶ್ನೆಯಿಂದ ಬೇಕಾದರೂ ಓದಬಹುದು.

## ಮೊದಲಿಗೆ

ಬಾಣಂತಿ ಅಂದ್ಮೇಲೆ ಸ್ವಲ್ಪ ಅಳು ಇದ್ದೇ ಇರ್ತದೆ ಅಲ್ವಾ? ಅದಕ್ಕೂ ಯೋಜನೆ, ದುಡ್ಡು ಅಂತ ಯಾಕೆ?

ಇರುತ್ತದೆ, ನಿಜ. ಹೆರಿಗೆಯಾಗಿ ಮೂರು ನಾಲ್ಕು ದಿನಕ್ಕೆ ಸುಮ್ನೆ ಕಣ್ಣು ತುಂಬುವುದು, ಸಣ್ಣ ಮಾತಿಗೂ ಬೇಜಾರಾಗುವುದು ತುಂಬಾ ಮಂದಿಗೆ ಆಗುತ್ತದೆ. ನಿದ್ದೆ, ಬಿಸಿ ಊಟ, ಹತ್ತಿರ ಒಬ್ಬರು ಇದ್ದರೆ ಎರಡು ವಾರದೊಳಗೆ ಅದು ತಾನಾಗಿ ಇಳಿಯುತ್ತದೆ. ಎರಡು ವಾರ ದಾಟಿಯೂ ಇಳಿಯದಿದ್ದರೆ, ಮಗು ಮಲಗಿದಾಗಲೂ ತಾಯಿಗೆ ನಿದ್ದೆ ಬಾರದಿದ್ದರೆ, ಮಗುವನ್ನು ಎತ್ತಿಕೊಳ್ಳಲು ಮನಸ್ಸೇ ಆಗದಿದ್ದರೆ, "ನಾನು ಇಲ್ಲದಿದ್ರೇ ಎಲ್ಲರಿಗೂ ಒಳ್ಳೇದು" ಎಂಬ ಮಾತು ಬಂದರೆ ಅದನ್ನು ಕಾಯಿಲೆ ಎಂದೇ ನೋಡಬೇಕು. ಅದರ ಹೆಸರು ಖಿನ್ನತೆ. ಬಸುರಿಯಾಗಿದ್ದಾಗಲೇ ಶುರುವಾಗುವುದೂ ಉಂಟು.

ಭಾರತದಲ್ಲಿ ನಡೆದ 38 ಅಧ್ಯಯನಗಳನ್ನು, ಅಂದರೆ 20,043 ತಾಯಂದಿರ ಲೆಕ್ಕವನ್ನು ಒಟ್ಟು ಸೇರಿಸಿದ ಒಂದು ವರದಿ 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಬಂತು. ಅದರ ಪ್ರಕಾರ ನೂರು ಬಾಣಂತಿಯರಲ್ಲಿ ಸುಮಾರು 22 ಮಂದಿಗೆ ಖಿನ್ನತೆ. ಐವರಲ್ಲಿ ಒಬ್ಬಳು! ರಕ್ತ ಕಡಿಮೆ ಇರುವ ಬಾಣಂತಿಗೆ ಸರ್ಕಾರ ಕಬ್ಬಿಣದ ಮಾತ್ರೆ ಕೊಡುತ್ತದೆ. ಅದಕ್ಕೆ ದುಡ್ಡು ಯಾಕೆ ಎಂದು ಯಾರೂ ಕೇಳುವುದಿಲ್ಲ.

ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲ. ಈಗಿನವರಿಗೆ ಮಾತ್ರ ಯಾಕೆ ಬರ್ತದೆ?

ಆಗಲೂ ಇತ್ತು. ಜೋರಾಗಿ ಬಂದರೆ "ಬಾಣಂತಿ ಸನ್ನಿ" ಎನ್ನುತ್ತಿದ್ದರು, ಮೆಲ್ಲಗೆ ಬಂದರೆ "ಅವಳ ಮಂಡೆ ಸರಿ ಇಲ್ಲ" ಎಂದು ಬಿಟ್ಟುಬಿಡುತ್ತಿದ್ದರು. ಹರಕೆ ಹೊತ್ತವರು, ತಾಯತ ಕಟ್ಟಿಸಿದವರು ಪ್ರೀತಿಯಿಂದಲೇ ಮಾಡಿದರು. ಅವರ ಕೈಯಲ್ಲಿ ಬೇರೆ ಏನಿತ್ತು?

ಹಳೆಯ ಬಾಣಂತನದಲ್ಲಿ ಒಳ್ಳೆಯದೂ ಬಹಳ ಇತ್ತು. ಎಣ್ಣೆ ಹಚ್ಚಿ ನೀರು ಹೊಯ್ಯುವ ಹೆಂಗಸು ದಿನಾ ಬರುತ್ತಿದ್ದಳು, ಮುಖ ನೋಡುತ್ತಿದ್ದಳು, ಮಾತಾಡಿಸುತ್ತಿದ್ದಳು. ಈಗ ಗಂಡ ಗಲ್ಫಿನಲ್ಲಿ, ಅತ್ತೆಗೆ ಮೊಣಕಾಲು ನೋವು, ಅಮ್ಮನಿಗೆ ಅವಳದೇ ಮನೆಯ ಕೆಲಸ. ನನ್ನ ಎರಡನೇ ಬಾಣಂತನದಲ್ಲಿ ನಾನು ಬಚ್ಚಲ ಹಂಡೆಯ ಎದುರು ಕೂತು, ನೀರು ಆರುವ ತನಕ ಎದ್ದೇ ಇರಲಿಲ್ಲ. ತೋರಿಸಲು ಹೋದ ಕಡೆ "ರೆಸ್ಟ್ ತಗೊಳ್ಳಿ" ಎಂದು ಕಳಿಸಿದರು. ಒಂದೇ ಒಂದು ಪ್ರಶ್ನೆ ಕೇಳಲಿಲ್ಲ. ಈ ವಿಷಯಕ್ಕೆ ನಾನು ಇಳಿದದ್ದು ಅಲ್ಲಿಂದ.

ಈಗಲೇ ನಮ್ಮ ಮನೆಯಲ್ಲಿ ಒಬ್ಬಳಿಗೆ ಕಷ್ಟ ಆಗ್ತಾ ಉಂಟು. ಯಾರಿಗೆ ಫೋನ್ ಮಾಡೋದು?

14416. ಇದು ಕೇಂದ್ರ ಸರ್ಕಾರದ ಟೆಲಿ ಮಾನಸ್, 2022ರ ಅಕ್ಟೋಬರ್ 10ರಂದು ಶುರುವಾದದ್ದು. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಭಾಷೆ ಆರಿಸುವಾಗ ಕನ್ನಡವೂ ಉಂಟು. ಕೇರಳದ್ದೇ ಆದ ದಿಶಾ ಸಹಾಯವಾಣಿ 1056. ಮನೆಯಲ್ಲಿ ಹೊಡೆತ, ಬೈಗುಳವೇ ಕಾರಣವಾಗಿದ್ದರೆ ಮಹಿಳಾ ಸಹಾಯವಾಣಿ 181, ಅಥವಾ ಕುಟುಂಬಶ್ರೀಯ ಸ್ನೇಹಿತ ಕೇಂದ್ರ.

ನಿದ್ದೆಯೇ ಇಲ್ಲದೆ ಏನೇನೋ ಮಾತಾಡುತ್ತಿದ್ದರೆ, ಇಲ್ಲದ ದನಿ ಕೇಳಿಸುತ್ತಿದ್ದರೆ, ಮಗುವಿನ ಬಗ್ಗೆ ವಿಚಿತ್ರ ಸಂಶಯ ಬಂದರೆ, ಸಾಯುವ ಮಾತಾಡಿದರೆ ಫೋನಿಗೆ ಕಾಯಬೇಡಿ. ಅವಳನ್ನು, ಮಗುವನ್ನು ಒಂಟಿಯಾಗಿ ಬಿಡಬೇಡಿ. 108ಕ್ಕೆ ಕರೆ ಮಾಡಿ ಅವತ್ತೇ ಆಸ್ಪತ್ರೆಗೆ ಹೋಗಿ. ಸಾವಿರ ಹೆರಿಗೆಗೆ ಒಂದೋ ಎರಡೋ ಹೀಗಾಗುತ್ತದೆ, ಹೆಚ್ಚಾಗಿ ಮೊದಲ ಎರಡು ವಾರದಲ್ಲಿ. ಚಿಕಿತ್ಸೆ ಕೊಟ್ಟರೆ ಗುಣವಾಗುತ್ತದೆ.

ಹಾಲು ಕುಡಿಸುವವಳು ಮನಸ್ಸಿನ ಮಾತ್ರೆ ತಗೊಳ್ಳಬಹುದಾ?

ಹಲವು ಮಾತ್ರೆಗಳನ್ನು ತಗೊಳ್ಳಬಹುದು. ಸರ್ಟ್ರಲೀನ್‌ನಂಥವನ್ನು ವೈದ್ಯರು ಹಾಲೂಡುವ ತಾಯಂದಿರಿಗೆ ಕೊಡುತ್ತಾರೆ. ಯಾವುದು, ಎಷ್ಟು ಎಂದು ವೈದ್ಯರೇ ಹೇಳಬೇಕು. ಮೊದಲಿನಿಂದ ಮಾತ್ರೆ ತಿನ್ನುತ್ತಿದ್ದವರು ಬಸುರಿ ಎಂದು ಗೊತ್ತಾದ ಕೂಡಲೇ ತಾವಾಗಿ ನಿಲ್ಲಿಸಬೇಡಿ, ಮೊದಲು ಹೋಗಿ ಕೇಳಿ.

## ದುಡ್ಡು ಎಲ್ಲಿ ಉಂಟು

ಸರ್ಕಾರ ಇದಕ್ಕೆ ಹಣ ಇಟ್ಟಿದೆಯಾ, ಇಲ್ವಾ?

ಇಟ್ಟಿದೆ, ಆದರೆ ದೊಡ್ಡ ಚೀಲದೊಳಗೆ ಸೇರಿಸಿ ಇಟ್ಟಿದೆ. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ಊರಿನ ಆಸ್ಪತ್ರೆಯಲ್ಲೇ ಮನಸ್ಸಿನ ಕಾಯಿಲೆ ನೋಡಬಹುದಾ ಎಂದು ನಿಮ್ಹಾನ್ಸ್‌ನವರು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ತೋರಿಸಿದರು. ಆ ಮಾದರಿ ಹಿಡಿದು 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಕನ್ನಡದ ಜಿಲ್ಲೆಯೊಂದು ಇಡೀ ದೇಶಕ್ಕೆ ದಾರಿ ತೋರಿಸಿದ್ದು ನನಗೆ ಬಹಳ ಹೆಮ್ಮೆ. ಇದರಲ್ಲಿ ಒಂದು ಜಿಲ್ಲೆಗೆ ವರ್ಷಕ್ಕೆ 83.2 ಲಕ್ಷ ರೂಪಾಯಿ ತನಕ ನೆರವಿಗೆ ಅವಕಾಶ ಉಂಟು. ವೈದ್ಯರು, ಮದ್ದು, ಓಡಾಟ, ತರಬೇತಿ, ಎಲ್ಲ ವಯಸ್ಸಿನ ಎಲ್ಲ ರೋಗಿಗಳು, ಎಲ್ಲ ಅದರೊಳಗೆ.

ಕೇರಳದಲ್ಲಿ ಇದರ ಜೊತೆಗೇ "ಅಮ್ಮ ಮನಸ್ಸ್" ಎಂಬ ಕಾರ್ಯಕ್ರಮ ಉಂಟು. ಬಸುರಿ, ಬಾಣಂತಿಯರ ಮನಸ್ಸಿನ ಸ್ಥಿತಿ ವಿಚಾರಿಸಲು ಆರೋಗ್ಯ ಕೇಂದ್ರದ ಸಿಸ್ಟರ್‌ಗಳಿಗೆ, ಆಶಾ ಕಾರ್ಯಕರ್ತೆಯರಿಗೆ ತರಬೇತಿ ಕೊಡುವ ಕೆಲಸ. ಕುಟುಂಬ ಆರೋಗ್ಯ ಕೇಂದ್ರಗಳಲ್ಲಿ ಖಿನ್ನತೆಗೆಂದು "ಆಶ್ವಾಸಂ" ಕ್ಲಿನಿಕ್ ಇರುವುದೂ ಉಂಟು. ಹಾಗಾಗಿ ಹೊಸ ಯೋಜನೆ ಬೇಡಿ ಕೂರುವುದಕ್ಕಿಂತ, ಇರುವುದು ನಮ್ಮ ವಾರ್ಡಿನ ತನಕ ಬಂದಿದೆಯಾ ಎಂದು ಕೇಳುವುದು ಮೊದಲ ಕೆಲಸ.

ಪಂಚಾಯತಿಗೂ ಇದಕ್ಕೂ ಏನು ಸಂಬಂಧ? ಅವರು ರಸ್ತೆ, ನೀರು ಮಾಡಿದ್ರೆ ಸಾಲದಾ?

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ನನ್ನ ಪ್ರಕಾರ ಕೆಲಸ ಆಗುವುದು ಇಲ್ಲೇ.

ಕೇರಳದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರವೂ ಉಪಕೇಂದ್ರವೂ ಗ್ರಾಮ ಪಂಚಾಯತಿಯ ಕೈಯಲ್ಲಿವೆ. 1996ರ ಜನಕೀಯ ಯೋಜನೆಯ ನಂತರ ಪಂಚಾಯತಿಗಳು ತಮ್ಮ ವರ್ಷದ ಯೋಜನೆಯನ್ನು ತಾವೇ ಬರೆಯುತ್ತವೆ. ಅದರಲ್ಲಿ ಕನಿಷ್ಠ 10 ಶೇಕಡಾ ಹಣ ಹೆಂಗಸರಿಗೆಂದೇ ಇರುವ ಯೋಜನೆಗಳಿಗೆ ಮೀಸಲು. ಈ ಸಂಗತಿ ಎಷ್ಟೋ ಹೆಂಗಸರಿಗೇ ಗೊತ್ತಿಲ್ಲ. ಹೊಲಿಗೆ ಯಂತ್ರ, ಕೋಳಿ, ಆಡು ಎಂದು ಆ ಹಣ ಹೋಗುತ್ತದೆ. ಅವೂ ಬೇಕು. ಆದರೆ ಬಾಣಂತಿಯ ಮನಸ್ಸಿಗೆಂದು ಒಂದು ಸಾಲು ಬರೆಯಬಾರದು ಎಂದು ಎಲ್ಲೂ ಹೇಳಿಲ್ಲ.

ಕೇಳುವ ಜಾಗ ಗ್ರಾಮಸಭೆ. ಅದು ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು, ವಾರ್ಡಿನ ಮತದಾರರಲ್ಲಿ 10 ಶೇಕಡಾ ಮಂದಿ ಇರಬೇಕು. ಹೆಚ್ಚಿನ ಕಡೆ ಆ ಲೆಕ್ಕ ತುಂಬಿಸುವವರೇ ಹಿಂದಿನ ಸಾಲಿನಲ್ಲಿ ಕೂರುವ ಕುಟುಂಬಶ್ರೀ ಹೆಂಗಸರು. ಸಹಿ ಹಾಕಿ, ಚಾ ಕುಡಿದು, ಮಕ್ಕಳು ಬರುವ ಹೊತ್ತಾಯಿತು ಎಂದು ಎದ್ದು ಹೋಗುತ್ತಾರೆ. ಅವರಲ್ಲಿ ಐದು ಮಂದಿ ಎದ್ದು ಒಂದೇ ಮಾತು ಹೇಳಿ, ಅದನ್ನು ನಡಾವಳಿಯಲ್ಲಿ ಬರೆಸಿಕೊಂಡರೆ, ಅಲ್ಲಿಂದ ಆರೋಗ್ಯದ ಕಾರ್ಯಪಡೆಗೆ (ಯೋಜನೆಯ ಕರಡು ಮಾಡುವ ಪಂಚಾಯತಿಯ ಗುಂಪು), ಆಮೇಲೆ ಯೋಜನೆಗೆ ದಾರಿ ತೆರೆಯುತ್ತದೆ. ಏಪ್ರಿಲ್‌ನಲ್ಲಿ ಶುರುವಾಗುವ ವರ್ಷದ ಯೋಜನೆ ಅದಕ್ಕೆ ತಿಂಗಳುಗಳ ಮೊದಲೇ ತಯಾರಾಗುತ್ತದೆ. ಮಾರ್ಚ್ ಕೊನೆಗೆ ಮೆಂಬರ ಮನೆಗೆ ಹೋದರೆ ತಡವಾಯಿತು.

ಎಂ.ಪಿ. ಫಂಡ್ ಕೇಳಿದ್ರೆ ಆಗ್ತದಾ?

ಕೋಣೆ ಕಟ್ಟಲು ಆಗುತ್ತದೆ. ಸಂಸದರಿಗೆ ವರ್ಷಕ್ಕೆ 5 ಕೋಟಿ ರೂಪಾಯಿಯ ಕೆಲಸ ಸೂಚಿಸುವ ಅವಕಾಶ ಉಂಟು, ಆದರೆ ಅದು ಕಟ್ಟಡದಂಥ ಬಾಳುವ ವಸ್ತುಗಳಿಗೆ. ಸಂಬಳಕ್ಕೆ ಬಾರದು. ಬಾಣಂತಿಗೆ ಬೇಕಾದದ್ದು ಹೆಚ್ಚಾಗಿ ಮನುಷ್ಯರು. ಕೌನ್ಸೆಲರ್ ಇಲ್ಲದ ಕೋಣೆಗೆ ಬೀಗ ಬೀಳುತ್ತದೆ.

ನಾವೇ ಒಂದು ಸಂಘ ಮಾಡಿ ಕಂಪೆನಿಗಳಿಂದ ಹಣ ತರಬಹುದಾ?

ತರಬಹುದು. ಕಾಸರಗೋಡು ಹಳೆಯ ಮದ್ರಾಸ್ ರಾಜ್ಯಕ್ಕೆ ಸೇರಿದ್ದರಿಂದ ಇಲ್ಲಿ ಸಂಘ ನೋಂದಣಿ 1860ರ ಕಾಯ್ದೆಯಡಿ ನಡೆಯುತ್ತದೆ. ಕಂಪೆನಿ ಕಾಯ್ದೆ 2013ರ 135ನೇ ಕಲಂ ಪ್ರಕಾರ ದೊಡ್ಡ ಕಂಪೆನಿಗಳು ಲಾಭದ 2 ಶೇಕಡಾ ಹಣವನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು, ಆರೋಗ್ಯ ಅದರಲ್ಲಿ ಸೇರಿದೆ. ಅದನ್ನು ಪಡೆಯಲು ಸಂಘಕ್ಕೆ ಆದಾಯ ತೆರಿಗೆ ಇಲಾಖೆಯ ನೋಂದಣಿ (12ಎ, 80ಜಿ ಎಂದು ಕರೆಯುವುದು), ಕಂಪೆನಿ ಹಣ ಪಡೆಯಲು ಹೆಸರು ದಾಖಲಿಸುವ ಸಿಎಸ್‌ಆರ್-1 ಅರ್ಜಿ ಎಲ್ಲ ಬೇಕು. ಗಲ್ಫಿನಲ್ಲಿರುವ ನಮ್ಮೂರ ಹುಡುಗರು ತಮ್ಮ ಸಂಬಳದಿಂದ ಕೊಡಲು ಬರುತ್ತಾರೆ. ಪಾಸ್‌ಪೋರ್ಟ್ ಭಾರತದ್ದೇ ಆಗಿದ್ದರೆ ತೊಂದರೆ ಇಲ್ಲ. ವಿದೇಶಿ ಪೌರರಿಂದ, ಅಲ್ಲಿಯ ಸಂಸ್ಥೆಗಳಿಂದ ಪಡೆಯಲು ವಿದೇಶಿ ದೇಣಿಗೆ ಕಾಯ್ದೆಯ, ಅಂದರೆ ಎಫ್‌ಸಿಆರ್‌ಎ ಅನುಮತಿ ಬೇಕೇ ಬೇಕು.

ಒಂದು ಮಾತು ಮನಸ್ಸಿನಿಂದ ಹೇಳುತ್ತೇನೆ. ಸಂಘದ ಹಣ ಎರಡು ವರ್ಷ ಇರುತ್ತದೆ, ಆಮೇಲೆ ನಿಲ್ಲುತ್ತದೆ. ಆಗ ಮನಸ್ಸು ಬಿಚ್ಚಿ ಮಾತಾಡಿದ ತಾಯಿ ಮತ್ತೆ ಒಂಟಿಯಾಗುತ್ತಾಳೆ. ಹಾಗಾಗಿ ಹೊರಗಿನ ಹಣವನ್ನು ಮಾಡಿ ತೋರಿಸಲು ಬಳಸಿ, ನಡೆಸಿಕೊಂಡು ಹೋಗುವ ಭಾರವನ್ನು ಪಂಚಾಯತಿಯ ಮೇಲೆ ಹಾಕಿ.

## ಕೇಳುವುದು ಹೇಗೆ

ನಮಗೆ ಮಲಯಾಳ ಬರೆಯಲಿಕ್ಕೆ ಬರುದಿಲ್ಲ. ಅರ್ಜಿ ಕನ್ನಡದಲ್ಲಿ ಕೊಟ್ರೆ ತಗೊಳ್ತಾರಾ?

ತಗೊಳ್ಳಲೇಬೇಕು. ಕೇರಳ ಅಧಿಕೃತ ಭಾಷೆಗಳ ಕಾಯ್ದೆ, 1969, ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರಿಗೆ ಸರ್ಕಾರದ ಜೊತೆ ತಮ್ಮ ಭಾಷೆಯಲ್ಲೇ ವ್ಯವಹರಿಸುವ ಹಕ್ಕು ಕೊಟ್ಟಿದೆ. ಸಂವಿಧಾನದ 350ನೇ ವಿಧಿಯೂ ಹಾಗೇ ಹೇಳುತ್ತದೆ. ಕೌಂಟರಿನಲ್ಲಿ ಮುಖ ಸಿಂಡರಿಸಿದರೆ ಅರ್ಜಿಯ ಕೊನೆಗೆ ಈ ಎರಡು ಹೆಸರು ಬರೆದು ಕೊಡಿ, ಸ್ವೀಕೃತಿ ರಶೀದಿ ಕೇಳಿ ಪಡೆಯಿರಿ. ಮಲಯಾಳ ಬಲ್ಲ ಗೆಳತಿಯಿಂದ ಒಂದು ಪ್ರತಿ ಅನುವಾದ ಮಾಡಿಸಿ ಜೊತೆಗಿಟ್ಟರೆ ಕೆಲಸ ಬೇಗ ಆಗುತ್ತದೆ. ಅದು ನಿಮ್ಮ ಔದಾರ್ಯ ಅಷ್ಟೇ, ಕಡ್ಡಾಯ ಇಲ್ಲ.

ಪ್ರಶ್ನೆಗಳ ಕಾಗದ ಮಲಯಾಳದಲ್ಲಿದ್ರೆ ಏನಂತೆ? ಸಿಸ್ಟರ್ ಹೇಗೋ ಕೇಳ್ತಾರಲ್ವಾ?

ನಾನು ಕಣ್ಣಾರೆ ನೋಡಿದ್ದನ್ನು ಹೇಳುತ್ತೇನೆ. ಮಧ್ಯಾಹ್ನ, ಅಡಿಕೆ ಒಣಗಲು ಹಾಕಿದ್ದ ಅಂಗಳ. ಚಾವಡಿಯಲ್ಲಿ ತೊಟ್ಟಿಲು. ಸಿಸ್ಟರ್ ತುಂಬಾ ಒಳ್ಳೆಯವರು, ದಕ್ಷಿಣದ ಜಿಲ್ಲೆಯಿಂದ ಬಂದವರು, ಮುರುಕು ಕನ್ನಡದಲ್ಲಿ ಶುರು ಮಾಡಿದರು. "ಸಂಕಟ ಉಂಟಾ?" ಎಂದು ಕೇಳಿದರು. ಮಲಯಾಳದಲ್ಲಿ ಸಂಕಟಂ ಅಂದರೆ ದುಃಖ. ನಮ್ಮ ಹುಡುಗಿ ಹೊಟ್ಟೆ ಮುಟ್ಟಿ ನೋಡಿಕೊಂಡು, "ಇಲ್ಲ ಸಿಸ್ಟರ್, ನಿನ್ನೆಯಿಂದ ಕಡಿಮೆ ಉಂಟು" ಎಂದಳು. "ವಿಷಮ?" ಎಂದರು. ಅಲ್ಲಿ ಅದೂ ಬೇಸರಕ್ಕೆ ಹೇಳುವ ಮಾತು. ಇವಳಿಗೆ ವಿಷಮ ಅಂದರೆ ಜ್ವರ ಏರಿ ಕೈಮೀರುವುದು. ಗಾಬರಿಯಿಂದ "ಅಯ್ಯೋ, ಹಾಗೆಂತ ಇಲ್ಲ" ಎಂದಳು. ಕಾಗದದಲ್ಲಿ ಎರಡು ಕಡೆ ಸೊನ್ನೆ ಬಿತ್ತು. ಸಿಸ್ಟರ್ ಗೇಟು ದಾಟಿದ ಮೇಲೆ ನಾನು "ನಿನಗೆ ಮನಸ್ಸಿಗೆ ಹೇಗುಂಟು ಮಗಾ?" ಎಂದು ಕೇಳಿದೆ. ಅವಳು ತೊಟ್ಟಿಲ ಹಗ್ಗ ಹಿಡಿದುಕೊಂಡೇ ಅತ್ತಳು. ಅರ್ಧ ಗಂಟೆ.

ಇಬ್ಬರದೂ ತಪ್ಪಿಲ್ಲ. ಎಡಿನ್‌ಬರಾ ಪ್ರಶ್ನಾವಳಿ ಎಂದು 1987ರಿಂದ ಬಳಕೆಯಲ್ಲಿರುವ 10 ಪ್ರಶ್ನೆಗಳ ಕಾಗದ ಉಂಟು, ಕಳೆದ 7 ದಿನಗಳ ಬಗ್ಗೆ ಕೇಳುತ್ತದೆ, ಒಟ್ಟು ಅಂಕ 30. ಕನ್ನಡದಲ್ಲೂ ಇದೆ. ತಾಯಿ ತಾನೇ ಓದಿ ಗುರುತು ಹಾಕುವಂಥದ್ದು. ಕೊನೆಯ ಪ್ರಶ್ನೆ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯ ಬಗ್ಗೆ. ಅದನ್ನು ಅತ್ತೆಯ ಎದುರು, ಅರ್ಧ ತಿಳಿದ ಭಾಷೆಯಲ್ಲಿ ಯಾರು ಉತ್ತರಿಸುತ್ತಾರೆ? ಮಂಜೇಶ್ವರ, ವರ್ಕಾಡಿ, ಮೀಂಜ, ಪೈವಳಿಕೆ, ಪುತ್ತಿಗೆ, ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ ಕಡೆ ಕನ್ನಡದ ಕಾಗದ ಇರಲೇಬೇಕು. ಖರ್ಚು ಎಷ್ಟು? ಜೆರಾಕ್ಸ್‌ನಷ್ಟು.

ಅರ್ಜಿಯಲ್ಲಿ ಸರಿಯಾಗಿ ಏನು ಕೇಳ್ಬೇಕು?

"ತಾಯಂದಿರ ಮಾನಸಿಕ ಆರೋಗ್ಯಕ್ಕೆ ಕ್ರಮ ಕೈಗೊಳ್ಳಿ" ಎಂದು ಬರೆದರೆ "ಪರಿಶೀಲಿಸಲಾಗುವುದು" ಎಂಬ ಉತ್ತರ ಬರುತ್ತದೆ. ಸಣ್ಣದು, ಎಣಿಸಲು ಆಗುವಂಥದ್ದು ಕೇಳಿ. ಕನ್ನಡದ ಪ್ರಶ್ನಾವಳಿ ಇಷ್ಟು ಪ್ರತಿ. ಕನ್ನಡ ಅಥವಾ ತುಳು ಮಾತಾಡುವ ಕೌನ್ಸೆಲರ್ ತಿಂಗಳಲ್ಲಿ ಎರಡು ಮಧ್ಯಾಹ್ನ ಆರೋಗ್ಯ ಕೇಂದ್ರದಲ್ಲಿ. ಬಾಗಿಲು ಹಾಕಿಕೊಳ್ಳಲು ಆಗುವ ಒಂದು ಕೋಣೆ. ಆಶಾ ಕಾರ್ಯಕರ್ತೆಯರಿಗೆ ಒಂದು ದಿನದ ತರಬೇತಿ, ಆ ದಿನದ ಕೂಲಿ. ಜಿಲ್ಲಾ ಆಸ್ಪತ್ರೆಗೆ ಹೋಗಬೇಕಾದ ತಾಯಿಗೆ ರಿಕ್ಷಾ ಬಾಡಿಗೆ. ಎಣ್ಮಕಜೆಯ ಒಳಗಿನಿಂದ ಜಿಲ್ಲಾ ಆಸ್ಪತ್ರೆ ಇರುವ ಕಾಞಂಗಾಡಿಗೆ ಕೂಸು ಹಿಡಿದುಕೊಂಡು ಬಸ್ಸು ಬದಲಿಸಿ ಹೋಗುವುದೆಂದರೆ ಒಂದು ಇಡೀ ದಿನ.

ಯಾವಾಗ ಕೇಳಬೇಕೆಂಬುದನ್ನೂ ಬರೆಯಿರಿ. ಆಸ್ಪತ್ರೆಯಲ್ಲಿ ಹೆತ್ತವರ ಮನೆಗೆ ಆಶಾ ಹೇಗೂ 3, 7, 14, 21, 28, 42ನೇ ದಿನ ಬರಬೇಕು. 6, 10, 14ನೇ ವಾರ ಮಗುವಿಗೆ ಚುಚ್ಚುಮದ್ದು. ಹೊಸ ಭೇಟಿ ಬೇಡ, ಈ ಭೇಟಿಯಲ್ಲೇ ತಾಯಿಯನ್ನೂ ಕೇಳಲಿ.

ಅಂಕಿ ಅಂಶ ಕೇಳ್ತಾರೆ. ನಮ್ಮ ಹತ್ರ ಎಲ್ಲಿಂದ?

ನಿಮ್ಮ ಪಂಚಾಯತಿಯಲ್ಲಿ ಕಳೆದ ವರ್ಷ ಎಷ್ಟು ಹೆರಿಗೆ ಎಂದು ಆರೋಗ್ಯ ಕೇಂದ್ರದಲ್ಲಿ ಗೊತ್ತಿರುತ್ತದೆ. 300 ಎಂದು ಇಟ್ಟುಕೊಳ್ಳಿ. ನೂರಕ್ಕೆ 22ರ ಲೆಕ್ಕದಲ್ಲಿ 66 ತಾಯಂದಿರು. ಇದು ಅಂದಾಜು ಎಂದೇ ಬರೆಯಿರಿ. ಆಮೇಲೆ ಕೇಳಿ: ಇವರಲ್ಲಿ ಎಷ್ಟು ಮಂದಿಯ ಹೆಸರು ಕೇಂದ್ರದ ಪುಸ್ತಕದಲ್ಲಿದೆ? ಎರಡು ಸಂಖ್ಯೆಯ ನಡುವಿನ ಅಂತರವೇ ನಿಮ್ಮ ಬೇಡಿಕೆ.

ನಮ್ಮ ಕಥೆ ಸಭೆಯಲ್ಲಿ ಹೇಳಿ ಅಂತಾರೆ. ಹೆಸರು ಹೊರಗೆ ಬಂದ್ರೆ?

ಹೇಳಬೇಕೆಂದೇನೂ ಇಲ್ಲ. 2017ರ ಮಾನಸಿಕ ಆರೋಗ್ಯ ಸೇವೆ ಕಾಯ್ದೆ ಗುಟ್ಟು ಕಾಪಾಡುವ ಹಕ್ಕು ಕೊಟ್ಟಿದೆ. ಹಣ ತರಲು ಒಬ್ಬ ಹುಡುಗಿಯನ್ನು ವೇದಿಕೆಗೆ ಹತ್ತಿಸಿ ಅಳಿಸುವುದು ನನಗೆ ಒಪ್ಪಿಗೆ ಇಲ್ಲ. ಊರು ಸಣ್ಣದು, ನಾಳೆ ಅವಳ ತಂಗಿಯ ಮದುವೆ ಮಾತುಕತೆಯಲ್ಲಿ ಅದೇ ಕಥೆ ಎದ್ದು ಬರುತ್ತದೆ. ಗುಣವಾಗಿ ವರ್ಷಗಳಾದವರು, ತಾವಾಗಿ ಹೇಳುತ್ತೇನೆ ಎನ್ನುವವರು ಹೇಳಲಿ. ಹೇಳಿದ ಮೇಲೂ ಬೇಡ ಅನ್ನಿಸಿದರೆ ಹಿಂದೆ ತೆಗೆದುಕೊಳ್ಳಲು ಬಿಡಿ.

## ಇನ್ನೂ ಸ್ವಲ್ಪ ಆಳಕ್ಕೆ

ಕೇಳಿ ಪಟ್ಟಿ ಮಾಡಿ ಏನು ಪ್ರಯೋಜನ? ಮನೋವೈದ್ಯರೇ ಇಲ್ವಲ್ಲ.

ನ್ಯಾಯವಾದ ಪ್ರಶ್ನೆ. ಕೇಳಿ ಸುಮ್ಮನೆ ಬಿಡುವುದಾದರೆ ಕೇಳದಿರುವುದೇ ಮೇಲು. ಆದರೆ ಎಲ್ಲರಿಗೂ ಮನೋವೈದ್ಯರೇ ಬೇಕಾಗುವುದಿಲ್ಲ. ಪಾಕಿಸ್ತಾನದ ರಾವಲ್ಪಿಂಡಿಯ ಹಳ್ಳಿಗಳಲ್ಲಿ, ನಮ್ಮ ಆಶಾ ಕಾರ್ಯಕರ್ತೆಯರಂಥ ಹೆಂಗಸರಿಗೆ ತರಬೇತಿ ಕೊಟ್ಟು ಮನೆ ಮನೆಗೆ ಕಳಿಸಿದರು. ಅವರು ತಾಯಂದಿರ ಜೊತೆ ಕೂತು, ಮನಸ್ಸನ್ನು ಕುಗ್ಗಿಸುವ ಯೋಚನೆಗಳನ್ನು ಗುರುತಿಸಿ ಬದಲಿಸುವುದನ್ನು ಕಲಿಸಿದರು. 2008ರಲ್ಲಿ ಬಂದ ಫಲಿತಾಂಶ ಹೀಗಿತ್ತು: ಆರು ತಿಂಗಳಿಗೆ ಖಿನ್ನತೆ ಉಳಿದದ್ದು ಅವರು ಹೋದ ಕಡೆ 23 ಶೇಕಡಾ, ಮಾಮೂಲಿ ಭೇಟಿ ಮಾತ್ರ ಇದ್ದ ಕಡೆ 53 ಶೇಕಡಾ. ಗೋವಾದಲ್ಲಿ ಊರಿನ ತಾಯಂದಿರನ್ನೇ "ಸಖಿ"ಯರೆಂದು ತಯಾರು ಮಾಡಿ ನೋಡಿದಾಗ ಅಷ್ಟು ದೊಡ್ಡ ಫಲ ಸಿಗಲಿಲ್ಲ. ಅದನ್ನೂ ಮುಚ್ಚಿಡದೆ ಹೇಳಬೇಕು. ಆದರೂ ಕುಟುಂಬಶ್ರೀ ಪ್ರತಿ ಓಣಿಯಲ್ಲೂ ಇರುವ ನಮ್ಮ ಜಿಲ್ಲೆಯಲ್ಲಿ ಈ ದಾರಿ ಹಿಡಿಯದಿದ್ದರೆ ನಷ್ಟ ನಮಗೇ. ಗಂಭೀರವಾದವರನ್ನು ಮಾತ್ರ ಮೇಲಿನ ಆಸ್ಪತ್ರೆಗೆ ಕಳಿಸುವ ಖಚಿತ ದಾರಿ ಇರಬೇಕು.

ಆಸ್ಪತ್ರೆಗೆ ಸೇರಿಸಿದ್ರೆ ಮಗುವನ್ನು ಬೇರೆ ಮಾಡ್ತಾರಾ?

2017ರ ಅದೇ ಕಾಯ್ದೆಯ 21ನೇ ಕಲಂ ಪ್ರಕಾರ ಮೂರು ವರ್ಷದೊಳಗಿನ ಮಗುವನ್ನು ತಾಯಿಯಿಂದ ಸಾಮಾನ್ಯವಾಗಿ ಬೇರೆ ಮಾಡಬಾರದು. ಮಗುವಿಗೆ ಅಪಾಯ ಎಂದು ವೈದ್ಯರಿಗೆ ಅನ್ನಿಸಿದರೆ ಮಾತ್ರ ತಾತ್ಕಾಲಿಕವಾಗಿ ಬೇರೆ ಇಡಬಹುದು, 15 ದಿನಕ್ಕೊಮ್ಮೆ ಮತ್ತೆ ನೋಡಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಿಂದ ತಾಯಿ ಮಗು ಒಟ್ಟಿಗೆ ಇರುವ ವಾರ್ಡ್ ಉಂಟು. ನಮ್ಮ ಜಿಲ್ಲೆಯಲ್ಲೂ ಒಂದೆರಡು ಹಾಸಿಗೆ ಹೀಗೆ ಬೇಕು ಎಂದು ಕೇಳುವಾಗ ಈ ಕಲಂ ನೆನಪಿಟ್ಟುಕೊಳ್ಳಿ.

ನಾವು ಹೇಗೂ ಮಂಗಳೂರಿಗೇ ಹೋಗುದು. ಇಲ್ಲಿ ಯಾಕೆ ಕೇಳ್ಬೇಕು?

2020ರ ಮಾರ್ಚ್‌ನಲ್ಲಿ ಕೋವಿಡ್ ಎಂದು ಕರ್ನಾಟಕದವರು ತಲಪಾಡಿ ಕಡೆಯ ಗಡಿ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದ್ದು ಮರೆತುಹೋಯಿತಾ? ಆಸ್ಪತ್ರೆ ಕಣ್ಣಿಗೆ ಕಾಣುವಷ್ಟು ಹತ್ತಿರ ಇತ್ತು, ದಾರಿ ಇರಲಿಲ್ಲ. ಮಂಗಳೂರಿನಲ್ಲಿ ಕನ್ನಡ ತುಳು ಮಾತಾಡುವ ವೈದ್ಯರಿದ್ದಾರೆ, ಹೋಗಿ, ಬೇಡ ಅನ್ನುವುದಿಲ್ಲ. ಆದರೆ ಹೆರಿಗೆ ಅಲ್ಲಾದರೆ ಇಲ್ಲಿಯ ಸಿಸ್ಟರ್ ಪುಸ್ತಕದಲ್ಲಿ ಬೇಗ ಸೇರದೆ ಉಳಿಯಬಹುದು. ಊರಿಗೆ ಬಂದ ವಾರವೇ ಆಶಾಗೆ ತಿಳಿಸಿ.

ಒಮ್ಮೆ ಕೇಳಿ ಆಯ್ತು. ಏನೂ ಆಗ್ಲಿಲ್ಲ. ಇನ್ನೇನು ಮಾಡುದು?

ಬ್ರಿಟನ್ನಿನಲ್ಲಿ ತಾಯಂದಿರ ಮನಸ್ಸಿನ ಆರೋಗ್ಯಕ್ಕೆ ದುಡಿಯುವ ಸಂಘಟನೆಗಳು ಸೇರಿ ಒಂದು ನಕ್ಷೆ ಮಾಡಿದವು. ವಿಶೇಷ ಸೇವೆ ಏನೂ ಇಲ್ಲದ ಕಡೆಗೆ ಕೆಂಪು ಬಣ್ಣ. 2014ರ ಹೊತ್ತಿಗೆ ದೇಶದ ಅರ್ಧದ ಹತ್ತಿರ ಕೆಂಪು. ಅದೇ ವರ್ಷ ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿ, ಪ್ರತಿ ವರ್ಷದ ಹೆರಿಗೆಗಳಲ್ಲಿ ಈ ಕಾಯಿಲೆಯಿಂದ ಆಗುವ ನಷ್ಟ 810 ಕೋಟಿ ಪೌಂಡ್, ಅದರಲ್ಲಿ 72 ಶೇಕಡಾ ಮಗುವಿನ ಬದುಕಿಗೆ ತಟ್ಟುವ ನಷ್ಟ ಎಂದರು. ಮುಂದೆ ಸರ್ಕಾರ 36.5 ಕೋಟಿ ಪೌಂಡ್ ಇಟ್ಟಿತು. ನಮ್ಮ ಜಿಲ್ಲೆಯ ಪಂಚಾಯತಿಗಳ ನಕ್ಷೆ ತೆಗೆದು, ಕನ್ನಡದ ಪ್ರಶ್ನಾವಳಿ ಇಲ್ಲದ ಕಡೆ ಕೆಂಪು ಹಚ್ಚಲು ಒಂದು ಮಧ್ಯಾಹ್ನ ಸಾಕು.

ಅಷ್ಟು ದೂರ ಹೋಗುವುದೂ ಬೇಡ. ಗೋಡಂಬಿ ತೋಟಗಳ ಮೇಲೆ 2000ನೇ ಇಸವಿಯ ತನಕ ಹೆಲಿಕಾಪ್ಟರಿನಿಂದ ಸುರಿದ ಕೀಟನಾಶಕ ಎಂಡೋಸಲ್ಫಾನ್‌ಗೆ ಪರಿಹಾರ ಕೇಳಿ ಬೀದಿಗೆ ಬಂದವರಲ್ಲಿ ಮಕ್ಕಳನ್ನು ತೊಡೆಯ ಮೇಲಿಟ್ಟುಕೊಂಡು ಕೂತ ತಾಯಂದಿರೇ ಮುಂದೆ ಇದ್ದರು. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಲಾ 5 ಲಕ್ಷ ರೂಪಾಯಿ ಮೂರು ತಿಂಗಳೊಳಗೆ ಕೊಡಿ ಎಂದಿತು. ಕೊಡದಾಗ ಮತ್ತೆ ಹೋದರು, 2022ರಲ್ಲಿ ಮತ್ತೆ ಆದೇಶ ಬಂತು. ವರ್ಷಗಟ್ಟಲೆ ಮಗುವನ್ನು ಎತ್ತಿ ಇಳಿಸಿ ಸುಸ್ತಾದ ಆ ತಾಯಂದಿರ ಮನಸ್ಸನ್ನು ವಿಚಾರಿಸುವುದೂ ನಮ್ಮ ಅರ್ಜಿಯಲ್ಲಿ ಇರಲೇಬೇಕು.

ಈಗ ಮಾಡಬೇಕಾದ್ದು ಇಷ್ಟು. ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಮೂರು ಸಂಗತಿ ಕೇಳಿ: ಕಳೆದ ವರ್ಷ ಪಂಚಾಯತಿಯಲ್ಲಿ ಎಷ್ಟು ಬಾಣಂತಿಯರ ಮನಸ್ಸಿನ ತಪಾಸಣೆ ಆಯಿತು, ಯಾವ ಭಾಷೆಯ ಕಾಗದದಲ್ಲಿ, ಎಷ್ಟು ಮಂದಿಯನ್ನು ಮುಂದಿನ ಆಸ್ಪತ್ರೆಗೆ ಕಳಿಸಿದರು. 30 ದಿನದಲ್ಲಿ ಉತ್ತರ ಬರಬೇಕು. ಬಾರದಿದ್ದರೆ ಮುಂದಿನ 30 ದಿನದೊಳಗೆ ಮೇಲ್ಮನವಿ. ಬಂದ ಉತ್ತರದ ಪ್ರತಿ ಹಿಡಿದುಕೊಂಡು ಮುಂದಿನ ಗ್ರಾಮಸಭೆಗೆ ಹೋಗಿ, ಈ ಸಲ ಮುಂದಿನ ಸಾಲಿನಲ್ಲಿ ಕೂತುಕೊಳ್ಳಿ.